ಎರಡು ದೇಶಗಳ ಚುನಾವಣೆಯನ್ನು ನಡೆಸಿದ ಸುಕುಮಾರ ಸೇನ್

ಪ್ರತಿ ವರ್ಷವೂ ಶಾಲೆ ತೆರೆದ ಕೆಲವು ದಿನಗಳಲ್ಲಿಯೇ ತರಗತಿಗಳಲ್ಲಿ ಮುಖಂಡನ ಆಯ್ಕೆ ನಡೆಯುವುದು ವಾಡಿಕೆ. ನೋಟ್‌ಬುಕ್ಕಿನ ಹಾಳೆಯನ್ನು ಹರಿದು ಚೀಟಿ ಮಾಡಿ, ಹೆಸರು ಬರೆದು, ಮಡಿಸಿ, ಗುರುಗಳ ಮೇಜಿನ ಮೇಲಿರುವ ಡಬ್ಬದೊಳಗೆ ಹಾಕುತ್ತೇವೆ. ಗೆದ್ದವನಿಗೆ ಚಪ್ಪಾಳೆ ದೊರೆಯುತ್ತದೆ. ಆದರೆ ಚೀಟಿಗಳನ್ನು ಎಣಿಸಿದವರು ಯಾರೆಂಬುದನ್ನು ಮರುದಿನ ಯಾರೂ ನೆನೆಯುವುದಿಲ್ಲ. ಎಣಿಸಿದವರ ಮೇಲೆ ನಂಬಿಕೆಯಿಲ್ಲದಿದ್ದರೆ ಗೆದ್ದವನ ಗೆಲವಿಗೆ ಬೆಲೆಯಿಲ್ಲ, ಸೋತವನ ಮನಸ್ಸಿಗೆ ಸಮಾಧಾನವೂ ಇಲ್ಲ. ಸೋತವನೂ ತಲೆಬಾಗಿ ಒಪ್ಪುವಂತೆ ಎಣಿಸುವುದು ಗೆಲ್ಲುವುದಕ್ಕಿಂತ ಕಠಿನವಾದ ಕಾರ್ಯ.

ಈ ಕಠಿನ ಕಾರ್ಯವನ್ನು ಮೂವತ್ತಾರು ಕೋಟಿ ಜನರ ದೇಶವೊಂದರಲ್ಲಿ ಮೊತ್ತಮೊದಲು ಮಾಡಿದವರು, ಆ ಬಳಿಕ ಕಡಲಾಚೆಯ ಆಫ್ರಿಕ ಖಂಡದಲ್ಲಿ ಪರರಾಷ್ಟ್ರವೊಂದಕ್ಕೂ ಅದನ್ನೇ ಮಾಡಿಕೊಟ್ಟವರು ಶ್ರೀ ಸುಕುಮಾರ ಸೇನರು. ರಾಷ್ಟ್ರದ ನಾಯಕರ ಚಿತ್ರಗಳು ನಮ್ಮ ಗೋಡೆಗಳ ಮೇಲಿವೆ. ಸೇನರ ಚಿತ್ರವನ್ನು ಕಂಡವರು ವಿರಳ. ಅವರು ಆತ್ಮಚರಿತ್ರೆಯನ್ನು ಬರೆಯಲಿಲ್ಲ. ಅವರ ಜೀವನವನ್ನು ಅರಿಯಬೇಕಾದರೆ ಅವರು ಮಾಡಿದ ಕೆಲಸವನ್ನೇ ಓದಬೇಕು.

ಬಾಲ್ಯ ಮತ್ತು ಸೇವೆ

ಸೇನರು ಹತ್ತೊಂಬತ್ತನೆಯ ಶತಮಾನದ ಕಡೆಯ ವರ್ಷಗಳಲ್ಲಿ ವಂಗದೇಶದ ಒಂದು ಕುಟುಂಬದಲ್ಲಿ ಜನಿಸಿದರು. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು. ತರುವಾಯ ಲಂಡನ್ ವಿಶ್ವವಿದ್ಯಾಲಯವನ್ನು ಸೇರಿ ಗಣಿತಶಾಸ್ತ್ರದಲ್ಲಿ ಚಿನ್ನದ ಪದಕವನ್ನು ಗಳಿಸಿದರು. ಮುಂದೆ ಕೋಟ್ಯಂತರ ಹೆಸರುಗಳ ಲೆಕ್ಕವನ್ನು ಹೊರಬೇಕಾಗಿದ್ದವರಿಗೆ ಗಣಿತದ ಶಿಸ್ತು ಮೊದಲೇ ಒದಗಿತ್ತೆನ್ನಬೇಕು.

ಇಪ್ಪತ್ತರ ದಶಕದ ಆದಿಯಲ್ಲಿ ಅವರು ಐ.ಸಿ.ಎಸ್. ಸೇವೆಗೆ ಸೇರಿದರು. ಬಂಗಾಳದ ಹಲವು ಜಿಲ್ಲೆಗಳಲ್ಲಿ ಅಧಿಕಾರಿಯಾಗಿ, ನ್ಯಾಯಾಧೀಶರಾಗಿ ದುಡಿದರು. ಜಿಲ್ಲಾಧಿಕಾರಿಗೆ ಹಳ್ಳಿಯ ದಾರಿ, ನದಿ, ಮಳೆ, ಕಂದಾಯ, ಜನರ ಜಗಳ ಎಲ್ಲವೂ ತಿಳಿದಿರಬೇಕು. ನ್ಯಾಯಾಧೀಶನಿಗೆ ಎರಡೂ ಪಕ್ಷಗಳ ಮಾತನ್ನು ಮುಖದಲ್ಲಿ ವಿಕಾರವಿಲ್ಲದೆ ಕೇಳುವ ಅಭ್ಯಾಸವಿರಬೇಕು. ಇವೆರಡೂ ಅವರಲ್ಲಿ ಕೂಡಿಬಂದುವು. 1947ರಲ್ಲಿ ದೇಶ ಸ್ವತಂತ್ರವಾಗಿ ಬಂಗಾಳವು ಎರಡು ಹೋಳಾದಾಗ ಅವರು ಪಶ್ಚಿಮ ಬಂಗಾಳದ ಮುಖ್ಯ ಕಾರ್ಯದರ್ಶಿಗಳಾದರು. ಆಗ ಪ್ರಾಂತದಲ್ಲಿ ಐ.ಸಿ.ಎಸ್. ಅಧಿಕಾರಿಯು ಏರಬಹುದಾಗಿದ್ದ ಅತ್ಯುನ್ನತ ಸ್ಥಾನವದು. ಆದರೆ ಅವರ ನಿಜವಾದ ಕಾರ್ಯ ಇನ್ನೂ ಆರಂಭವಾಗಿರಲಿಲ್ಲ.

ಗುರುತರವಾದ ಹೊಣೆ

ಭಾರತದ ಸಂವಿಧಾನವು 1950ನೆಯ ಜನವರಿ 26ರಂದು ಜಾರಿಗೆ ಬಂದಿತು. ಅದರ ಹಿಂದಿನ ದಿನವೇ, ಎಂದರೆ ಜನವರಿ 25ರಂದು, ಚುನಾವಣಾ ಆಯೋಗವು ಸ್ಥಾಪಿತವಾಯಿತು. ಸರ್ಕಾರದ ಮರ್ಜಿಗೆ ಒಳಪಡದೆ ಸ್ವತಂತ್ರವಾಗಿ ಚುನಾವಣೆಗಳನ್ನು ನಡೆಸುವ ಅಧಿಕಾರವನ್ನು ಸಂವಿಧಾನದ 324ನೆಯ ವಿಧಿಯು ಈ ಆಯೋಗಕ್ಕೆ ಒಪ್ಪಿಸಿತು. 326ನೆಯ ವಿಧಿಯು ವಯಸ್ಕರೆಲ್ಲರಿಗೂ ಮತದ ಹಕ್ಕನ್ನು ಕೊಟ್ಟಿತು. ಬ್ರಿಟಿಷರ ಆಳ್ವಿಕೆಯಲ್ಲಿ ಆಸ್ತಿಯುಳ್ಳವರು, ತೆರಿಗೆ ಕೊಡುವವರು, ಓದಿದವರು ಇಂತಹ ಕೆಲವರಿಗಷ್ಟೇ ಮತವಿತ್ತು. ಈಗ ಇಪ್ಪತ್ತೊಂದು ವರ್ಷ ತುಂಬಿದ ಪ್ರತಿಯೊಬ್ಬನಿಗೂ, ಪ್ರತಿಯೊಬ್ಬಳಿಗೂ, ಜಮೀನ್ದಾರನಿಗೂ ಅವನ ಹೊಲದ ಆಳಿಗೂ ಒಂದೊಂದೇ ಮತ. ಯುರೋಪಿನ ಸ್ವಿಟ್ಜರ್‌ಲೆಂಡಿನಲ್ಲಿ ಹೆಂಗಸರಿಗೆ ರಾಷ್ಟ್ರೀಯ ಚುನಾವಣೆಗಳಲ್ಲಿ ಮತ ದೊರೆತದ್ದು 1971ರಲ್ಲಿ ಎಂಬುದನ್ನು ನೆನೆದರೆ ನಮ್ಮ ಹಿರಿಯರ ಧೈರ್ಯವು ಎಂತಹದೆಂದು ತಿಳಿದೀತು.

1950ರ ಮಾರ್ಚಿ 21ರಂದು ಸೇನರು ಪ್ರಥಮ ಮುಖ್ಯ ಚುನಾವಣಾ ಆಯುಕ್ತರಾಗಿ ನೇಮಕಗೊಂಡರು. ಪ್ರಧಾನಿ ನೆಹರೂ ಅವರು 1951ರ ವಸಂತಕಾಲದಲ್ಲಿಯೇ ಚುನಾವಣೆ ನಡೆಯಬೇಕೆಂದು ಆಶಿಸಿದ್ದರು. ಸೇನರು ತಾಳ್ಮೆಯನ್ನು ಬೇಡಿದರು. ದೇಶದ ಪ್ರಧಾನಿಯ ಅವಸರಕ್ಕೆ ಅಧಿಕಾರಿಯೊಬ್ಬನು ಇನ್ನೂ ಕಾಲ ಬೇಕೆನ್ನುವುದು ಸುಲಭವಲ್ಲ. ಆದರೆ ಅರ್ಧಸಿದ್ಧತೆಯಿಂದ ನಡೆದ ಚುನಾವಣೆಯು ನಡೆಯದಿರುವುದಕ್ಕಿಂತ ಕೇಡೆಂಬುದನ್ನು ಅವರು ಬಲ್ಲವರಾಗಿದ್ದರು.

ಅವರ ಎದುರಿಗಿದ್ದ ಕೆಲಸದ ಗಾತ್ರವನ್ನು ಸ್ವಲ್ಪ ಊಹಿಸಿರಿ. ಮತದಾರರ ಸಂಖ್ಯೆ ಹದಿನೇಳು ಕೋಟಿಗೂ ಮಿಕ್ಕಿತ್ತು. ಅವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಓದುಬರಹ ತಿಳಿಯದು. ಲೋಕಸಭೆಯ 489 ಸ್ಥಾನಗಳಿಗೂ ರಾಜ್ಯಗಳ ವಿಧಾನಸಭೆಗಳ ಮೂರು ಸಾವಿರಕ್ಕೂ ಹೆಚ್ಚು ಸ್ಥಾನಗಳಿಗೂ ಏಕಕಾಲದಲ್ಲಿ ಆಯ್ಕೆ ನಡೆಯಬೇಕಿತ್ತು. ದೇಶಕ್ಕೆಲ್ಲ ಒಂದೇ ಆಗಿ ಅನ್ವಯಿಸುವ ಮತದಾರರ ಪಟ್ಟಿಯೆಂಬುದೇ ಹಿಂದೆ ಇರಲಿಲ್ಲ. ಸಂಸ್ಥಾನಗಳು ಆಗತಾನೆ ಒಕ್ಕೂಟವನ್ನು ಸೇರಿದ್ದುವು. ವಿಭಜನೆಯಿಂದ ಮನೆಮಠ ಕಳೆದುಕೊಂಡ ಲಕ್ಷಾಂತರ ಜನರು ಇನ್ನೂ ಶಿಬಿರಗಳಲ್ಲಿದ್ದರು. ಈ ಎಲ್ಲವನ್ನೂ ಕೂಡಿಸಿ ಒಂದು ಚುನಾವಣೆಯನ್ನು ಕಟ್ಟಬೇಕಾಗಿತ್ತು.

ಹೆಸರಿಲ್ಲದ ಹೆಂಗಸರು

ಮೊದಲ ಕೆಲಸ ಪಟ್ಟಿಯದು. ಮನೆಮನೆಗೆ ಹೋಗಿ ಹೆಸರು ಬರೆದುಕೊಂಡು ಬಂದ ಹಾಳೆಗಳನ್ನು ಕ್ಷೇತ್ರವಾರು ಜೋಡಿಸಿ ಬೆರಳಚ್ಚು ಮಾಡಲು ಆರು ತಿಂಗಳ ಕರಾರಿನ ಮೇಲೆ 16,500 ಗುಮಾಸ್ತರನ್ನು ನೇಮಿಸಿಕೊಳ್ಳಬೇಕಾಯಿತು. ಪಟ್ಟಿಗಳನ್ನು ಮುದ್ರಿಸುವುದಕ್ಕೆ 3,80,000 ರೀಮು ಕಾಗದ ಹಿಡಿಯಿತು.

ಆಗ ಒಂದು ವಿಚಿತ್ರವಾದ ಸಮಸ್ಯೆ ತಲೆದೋರಿತು. ಉತ್ತರ ಭಾರತದ ಅನೇಕ ಪ್ರದೇಶಗಳಲ್ಲಿ ಹೆಂಗಸರು ತಮ್ಮ ಹೆಸರನ್ನು ಪರಪುರುಷನಿಗೆ ಹೇಳಲು ಒಪ್ಪಲಿಲ್ಲ. ಇಂತಹವನ ತಾಯಿ, ಇಂತಹವನ ಹೆಂಡತಿ ಎಂದಷ್ಟೇ ಬರೆಯಿಸಿದರು. ಗುಮಾಸ್ತನು ಹಾಗೆಯೇ ಬರೆದುಕೊಂಡು ಬಂದನು. ಇಂತಹ ನಮೂದುಗಳು ಸಾವಿರವಲ್ಲ, ಲಕ್ಷಗಳ ಸಂಖ್ಯೆಯಲ್ಲಿದ್ದುವು.

ಇವನ್ನು ಹಾಗೆಯೇ ಇರಗೊಡುವುದು ಸುಲಭವಾಗಿತ್ತು. ಆದರೆ ಇಂತಹವನ ತಾಯಿ ಎಂಬ ಹೆಸರಿನಲ್ಲಿ ಯಾರು ಬೇಕಾದರೂ ಬಂದು ಮತ ಹಾಕಬಹುದು. ಅದಕ್ಕಿಂತಲೂ ಮಿಗಿಲಾಗಿ, ಸ್ವತಂತ್ರ ದೇಶದ ಪ್ರಜೆಯೊಬ್ಬಳು ತನ್ನ ಸ್ವಂತ ಹೆಸರಿನಿಂದ ಗುರುತಾಗದೆ ಮಗನ ಅಥವಾ ಗಂಡನ ನೆರಳಾಗಿ ಗುರುತಾಗುವುದು ಸಂವಿಧಾನದ ಆಶಯಕ್ಕೆ ಒಪ್ಪುವುದಲ್ಲ. ಹೆಂಗಸರ ನಿಜವಾದ ಹೆಸರುಗಳನ್ನೇ ಬರೆಯಬೇಕೆಂದು ಸೇನರು ನಿಯಮ ಮಾಡಿದರು. ಸಿಬ್ಬಂದಿಯು ಮತ್ತೆ ಮನೆಗಳಿಗೆ ಹೋಯಿತು. ಹಲವರು ಹೆಸರು ಕೊಟ್ಟರು. ಕೊನೆಗೂ ಕೊಡದೆ ಉಳಿದ ಸುಮಾರು 28 ಲಕ್ಷ ಹೆಂಗಸರ ನಮೂದುಗಳನ್ನು ಪಟ್ಟಿಯಿಂದ ತೆಗೆದುಹಾಕಬೇಕಾಯಿತು.

ಈ ತೀರ್ಮಾನವನ್ನು ಕಠೋರವೆಂದವರುಂಟು. 28 ಲಕ್ಷ ಜನರಿಗೆ ಮೊದಲ ಚುನಾವಣೆಯಲ್ಲಿಯೇ ಮತ ತಪ್ಪಿತೆಂಬುದು ಸಣ್ಣ ಮಾತಲ್ಲ. ಅವರಲ್ಲಿ ಎಷ್ಟೋ ಮಂದಿ ಮನೆಯ ಯಜಮಾನನ ಮಾತಿಗೆ ಕಟ್ಟುಬಿದ್ದವರಾಗಿದ್ದಿರಬೇಕು, ತಪ್ಪು ಅವರದಲ್ಲ. ಆದರೂ ಹೆಸರನ್ನು ಹೇಳದ ಹೊರತು ಮತವಿಲ್ಲವೆಂಬ ಸುದ್ದಿಯು ಹಳ್ಳಿಹಳ್ಳಿಗೆ ಹಬ್ಬಿದಾಗ ಹೆಸರಿಗೆ ಒಂದು ಬೆಲೆ ಬಂದಿತು. ಮುಂದಿನ ಚುನಾವಣೆಯ ಹೊತ್ತಿಗೆ ಈ ತೊಡಕು ಬಹುಮಟ್ಟಿಗೆ ಕಳೆಯಿತು. ಒಳ್ಳೆಯ ಅಧಿಕಾರಿಯೂ ಕೆಲವೊಮ್ಮೆ ಎರಡು ನಷ್ಟಗಳ ನಡುವೆ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆಂಬುದಕ್ಕೆ ಇದು ಒಂದು ನಿದರ್ಶನ.

ಚಿಹ್ನೆ, ಪೆಟ್ಟಿಗೆ ಮತ್ತು ಶಾಯಿ

ಓದು ಬಾರದವನು ಮತ ಹಾಕುವುದೆಂತು? ಈ ಪ್ರಶ್ನೆಗೆ ಆಯೋಗವು ಕಂಡುಕೊಂಡ ಉತ್ತರವು ಸರಳವಾಗಿತ್ತು. ಪ್ರತಿಯೊಂದು ಪಕ್ಷಕ್ಕೂ ದಿನನಿತ್ಯದ ಬದುಕಿನಲ್ಲಿ ಎಲ್ಲರೂ ಕಾಣುವ ವಸ್ತುವೊಂದನ್ನು ಚಿಹ್ನೆಯಾಗಿ ಕೊಡಲಾಯಿತು. ನೊಗ ಹೊತ್ತ ಜೋಡೆತ್ತು, ಗುಡಿಸಲು, ಮರ, ಆನೆ, ದೀಪ, ತೆನೆ ಮತ್ತು ಕುಡುಗೋಲು ಇವುಗಳನ್ನು ಗುರುತಿಸಲು ಅಕ್ಷರ ಬೇಕಿಲ್ಲ. ಮತಗಟ್ಟೆಯ ಮರೆಯಲ್ಲಿ ಅಭ್ಯರ್ಥಿಗೊಂದರಂತೆ ಬೇರೆಬೇರೆ ಪೆಟ್ಟಿಗೆಗಳನ್ನಿಟ್ಟು, ಪೆಟ್ಟಿಗೆಯ ಮೇಲೆ ಅವನ ಚಿಹ್ನೆಯನ್ನು ಅಂಟಿಸಿದರು. ಮತದಾರನು ಚೀಟಿಯ ಮೇಲೆ ಏನನ್ನೂ ಬರೆಯಬೇಕಾಗಿರಲಿಲ್ಲ. ತನಗೆ ಬೇಕಾದ ಪೆಟ್ಟಿಗೆಯೊಳಗೆ ಅದನ್ನು ಹಾಕಿದರೆ ಸಾಕಾಗಿತ್ತು. ಇಂದಿಗೂ ನಮ್ಮ ಚುನಾವಣೆಗಳಲ್ಲಿ ಚಿಹ್ನೆಗಳು ಉಳಿದುಬಂದಿರುವುದು ಅಂದಿನ ಆಲೋಚನೆಯ ಫಲವೇ.

ಈ ಏರ್ಪಾಡಿಗೆ ಸುಮಾರು ಇಪ್ಪತ್ತು ಲಕ್ಷ ಉಕ್ಕಿನ ಪೆಟ್ಟಿಗೆಗಳು ಬೇಕಾದುವು. ಅವುಗಳಿಗೆ 8,200 ಟನ್ನು ಉಕ್ಕು ಖರ್ಚಾಯಿತು. 2,24,000 ಮತಗಟ್ಟೆಗಳನ್ನು ಸಿದ್ಧಪಡಿಸಲಾಯಿತು. 56,000 ಮಂದಿ ಅಧ್ಯಕ್ಷಾಧಿಕಾರಿಗಳೂ ಅವರಿಗೆ 2,80,000 ಸಹಾಯಕರೂ ನೇಮಕಗೊಂಡರು. ಗುಡ್ಡಗಾಡಿನ ಹಳ್ಳಿಗಳಿಗೆ ಪೆಟ್ಟಿಗೆ ಸಾಗಿಸುವುದಕ್ಕಾಗಿ ನದಿಗಳಿಗೆ ಹೊಸದಾಗಿ ಸೇತುವೆ ಕಟ್ಟಬೇಕಾಯಿತು. ದ್ವೀಪಗಳಿಗೆ ಪಟ್ಟಿಗಳನ್ನು ಒಯ್ಯಲು ನೌಕಾಪಡೆಯ ಹಡಗುಗಳು ಹೊರಟುವು. ಮತದಾರನ ಕರ್ತವ್ಯವನ್ನು ತಿಳಿಸುವ ಚಲನಚಿತ್ರವೊಂದನ್ನು ಮೂರು ಸಾವಿರಕ್ಕೂ ಹೆಚ್ಚು ಚಿತ್ರಮಂದಿರಗಳಲ್ಲಿ ತೋರಿಸಿದರು. ಆಕಾಶವಾಣಿಯೂ ಅದನ್ನೇ ಸಾರಿತು.

ಒಬ್ಬನೇ ಎರಡು ಸಲ ಮತ ಹಾಕದಂತೆ ತಡೆಯಲು ಎಡಗೈಯ ಬೆರಳಿಗೆ ಅಳಿಸಲಾಗದ ಶಾಯಿಯನ್ನು ಹಚ್ಚುವ ಕ್ರಮ ಬಂದಿತು. ಅಂದು 3,89,816 ಶೀಶೆ ಶಾಯಿ ವೆಚ್ಚವಾಯಿತೆಂದು ಲೆಕ್ಕವಿದೆ. ಶೀಶೆಗಳನ್ನು ಹೀಗೆ ಬಿಡಿಬಿಡಿಯಾಗಿ ಎಣಿಸಿ ಬರೆದಿಟ್ಟ ಆ ಶ್ರದ್ಧೆಯನ್ನು ಗಮನಿಸಿರಿ. ಈ ಶಾಯಿಯ ಕಥೆಯಲ್ಲಿ ಕನ್ನಡನಾಡಿಗೂ ಪಾಲುಂಟು. ಮೈಸೂರಿನ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಆರಂಭವಾದ ಅರಗು ಮತ್ತು ಬಣ್ಣದ ಕಾರ್ಖಾನೆಯು 1962ರ ಮಹಾಚುನಾವಣೆಯಿಂದ ಮೊದಲ್ಗೊಂಡು ಈ ಶಾಯಿಯನ್ನು ದೇಶಕ್ಕೆಲ್ಲ ಒದಗಿಸುತ್ತ ಬಂದಿದೆ. ಅಲ್ಲಿಂದ ಅನೇಕ ಪರರಾಷ್ಟ್ರಗಳ ಚುನಾವಣೆಗಳಿಗೂ ಶಾಯಿಯು ಹೋಗುತ್ತದೆ. ನಮ್ಮ ತಂದೆತಾಯಿಯರ ಬೆರಳಿನ ಮೇಲೆ ನಾವು ಕಾಣುವ ಆ ಕಪ್ಪು ಗೆರೆಯು ಮೈಸೂರಿನಿಂದ ಬಂದದ್ದು.

ಜನರು ಬಂದರು

1951ನೆಯ ಅಕ್ಟೋಬರ್ 25ರಂದು ಹಿಮಾಚಲ ಪ್ರದೇಶದ ಚಿನಿ ಎಂಬ ತಾಲ್ಲೂಕಿನಲ್ಲಿ ಪ್ರಥಮ ಮತಗಳು ಬಿದ್ದುವು. ಚಳಿಗಾಲದ ಹಿಮವು ದಾರಿಗಳನ್ನು ಮುಚ್ಚುವ ಮೊದಲೇ ಅಲ್ಲಿ ಮತದಾನವಾಗಬೇಕಾಗಿತ್ತು. ದೇಶದ ಉಳಿದ ಬಹುಭಾಗದಲ್ಲಿ 1952ರ ಜನವರಿ ಮತ್ತು ಫೆಬ್ರುವರಿ ತಿಂಗಳುಗಳಲ್ಲಿ ಮತದಾನ ನಡೆಯಿತು. ಓದುಬರಹವಿಲ್ಲದ ಜನರು ಚುನಾವಣೆಯನ್ನು ಗೊಂದಲಮಯ ಮಾಡುವರೆಂದು ದೇಶವಿದೇಶಗಳ ಹಲವು ಪಂಡಿತರು ನುಡಿದಿದ್ದರು. ಜನರು ಬಂದು ಸಾಲಿನಲ್ಲಿ ನಿಂತು ಮತ ಹಾಕಿ ಮನೆಗೆ ಹೋದರು. ಲೋಕಸಭೆಗೆ ನೂರಕ್ಕೆ ಸುಮಾರು 45 ಮಂದಿ ಮತ ಚಲಾಯಿಸಿದರು.

ಈ ನಮ್ಮ ಮುಂಬಯಿ ನಗರವೂ ಆ ಚುನಾವಣೆಯಲ್ಲಿ ಒಂದು ಪಾಠವನ್ನು ಕಂಡಿತು. ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾಗಿದ್ದ ಡಾ. ಅಂಬೇಡ್ಕರ್ ಅವರು ಉತ್ತರ ಮುಂಬಯಿ ಕ್ಷೇತ್ರದಲ್ಲಿ ಸ್ಪರ್ಧಿಸಿ ಸೋತರು. ಯಾವ ಸಂವಿಧಾನವು ಎಲ್ಲರಿಗೂ ಮತವನ್ನು ಕೊಟ್ಟಿತೋ ಅದನ್ನು ರೂಪಿಸಿದವರಿಗೂ ಅದರ ಅಡಿಯಲ್ಲಿ ಯಾವ ರಿಯಾಯಿತಿಯೂ ಇರಲಿಲ್ಲ. ಅವರು ಕಾನೂನು ತೋರಿದ ಮಾರ್ಗದಲ್ಲಿಯೇ ನಡೆದು ಚುನಾವಣಾ ನ್ಯಾಯಮಂಡಲಿಗೆ ತಕರಾರು ಅರ್ಜಿ ಸಲ್ಲಿಸಿದರು, ಅದು ಫಲಿಸಲಿಲ್ಲ. 1952ರಲ್ಲಿಯೇ ರಾಜ್ಯಸಭೆಗೆ ಆಯ್ಕೆಯಾಗಿ ತಮ್ಮ ಕಾರ್ಯವನ್ನು ಮುಂದುವರಿಸಿದರು. ಸೋತವನಿಗೆ ಬೀದಿಯ ಹೊಡೆದಾಟವಲ್ಲದೆ ಬೇರೊಂದು ದಾರಿಯಿರುವುದೇ ಪ್ರಜಾಪ್ರಭುತ್ವದ ಲಕ್ಷಣ.

ಸೂಡಾನಿನ ಕರೆ

ಭಾರತದ ಚುನಾವಣೆಯು ಸಾಂಗವಾಗಿ ನಡೆದ ವಾರ್ತೆಯು ಹೊರಗೂ ಹಬ್ಬಿತು. ಆಫ್ರಿಕದ ಸೂಡಾನ್ ದೇಶವು 1899ರಿಂದಲೂ ಬ್ರಿಟನ್ ಮತ್ತು ಈಜಿಪ್ಟ್ ಎರಡರ ಜಂಟಿ ಆಳ್ವಿಕೆಯಲ್ಲಿತ್ತು. ಹೆಸರಿಗೆ ಇಬ್ಬರು ಒಡೆಯರು. ವಸ್ತುತಃ ಅಧಿಕಾರವೆಲ್ಲ ಬ್ರಿಟಿಷರದು. 1953ರ ಫೆಬ್ರುವರಿ 12ರಂದು ಈ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ಅದರಂತೆ ಸೂಡಾನಿಗಳು ತಮ್ಮ ಪಾರ್ಲಿಮೆಂಟನ್ನು ಆರಿಸಿಕೊಳ್ಳಬೇಕು. ಮೂರು ವರ್ಷ ಮೀರದ ಅವಧಿಯೊಳಗೆ ಈಜಿಪ್ಟಿನೊಡನೆ ಸೇರುವುದೋ ಪೂರ್ಣ ಸ್ವತಂತ್ರರಾಗುವುದೋ ಎಂಬುದನ್ನು ತಾವೇ ನಿರ್ಧರಿಸಬೇಕು.

ಆದರೆ ಚುನಾವಣೆಯನ್ನು ನಡೆಸುವವರು ಯಾರು? ಬ್ರಿಟಿಷರು ನಡೆಸಿದರೆ ಈಜಿಪ್ಟ್ ನಂಬದು. ಈಜಿಪ್ಟ್ ನಡೆಸಿದರೆ ಬ್ರಿಟಿಷರು ನಂಬರು. ಆದುದರಿಂದ ಏಳು ಜನರ ಮಿಶ್ರ ಆಯೋಗವೊಂದನ್ನು ರಚಿಸಲಾಯಿತು. ಮೂವರು ಸೂಡಾನಿಗಳು, ಈಜಿಪ್ಟ್, ಬ್ರಿಟನ್, ಅಮೆರಿಕ ಮತ್ತು ಭಾರತಗಳಿಂದ ಒಬ್ಬೊಬ್ಬರು. ಅಧ್ಯಕ್ಷಪೀಠವು ಭಾರತದ ಪ್ರತಿನಿಧಿಗೆ ಮೀಸಲಾಯಿತು. ಗವರ್ನರ್ ಜನರಲ್ಲರ ಅಧಿಕಾರದ ಮೇಲೆ ಕಣ್ಣಿಡುವ ಮತ್ತೊಂದು ಆಯೋಗಕ್ಕೆ ಪಾಕಿಸ್ತಾನದ ಪ್ರತಿನಿಧಿಯು ಅಧ್ಯಕ್ಷರಾಗತಕ್ಕದ್ದೆಂದು ಅದೇ ಒಪ್ಪಂದವು ವಿಧಿಸಿತ್ತು. ಆರು ವರ್ಷಗಳ ಹಿಂದೆಯಷ್ಟೇ ಸ್ವತಂತ್ರವಾಗಿದ್ದ ಎರಡು ದೇಶಗಳ ಮೇಲೆ ಜಗತ್ತು ಇಂತಹ ಭರವಸೆಯನ್ನಿಟ್ಟಿತು. ಚುನಾವಣಾ ಆಯೋಗದ ಅಧ್ಯಕ್ಷತೆಗೆ ಭಾರತವು ಸುಕುಮಾರ ಸೇನರನ್ನು ಕಳುಹಿಸಿತು.

ಸೂಡಾನ್ ಆಗ ಆಫ್ರಿಕದಲ್ಲಿಯೇ ಅತಿ ವಿಸ್ತಾರವಾದ ದೇಶ. ಸುಮಾರು 25 ಲಕ್ಷ ಚದರ ಕಿಲೋಮೀಟರು. ಜನಸಂಖ್ಯೆ ಮಾತ್ರ ಸುಮಾರು ಒಂದು ಕೋಟಿ. ಉತ್ತರದಲ್ಲಿ ಮರುಭೂಮಿ, ದಕ್ಷಿಣದಲ್ಲಿ ನೈಲ್ ನದಿಯ ಜೌಗು ಮತ್ತು ಕಾಡು. ಉತ್ತರದವರು ಬಹುಪಾಲು ಅರಬ್ಬಿ ಮಾತಾಡುವ ಮುಸಲ್ಮಾನರು; ದಕ್ಷಿಣದಲ್ಲಿ ಬೇರೆ ಬೇರೆ ಬುಡಕಟ್ಟುಗಳು, ಬೇರೆ ಭಾಷೆಗಳು, ಬೇರೆ ನಂಬಿಕೆಗಳು. ಒಂಟೆ, ಪಶುಗಳೊಡನೆ ಮೇವನ್ನರಸುತ್ತ ಅಲೆಯುವ ಜನರನ್ನು ಯಾವ ಊರಿನ ಪಟ್ಟಿಗೆ ಸೇರಿಸುವುದು? ಮಳೆಗಾಲ ಬಂದರೆ ದಕ್ಷಿಣದ ದಾರಿಗಳೇ ಮುಳುಗಿಹೋಗುವುವು. ಆದುದರಿಂದ ಮಳೆ ನಿಂತ ಮೇಲೆ, 1953ರ ನವೆಂಬರ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ, ಮತದಾನವನ್ನು ಇರಿಸಲಾಯಿತು. ಚಿನಿ ತಾಲ್ಲೂಕಿನ ಹಿಮವನ್ನು ಗಣಿಸಿ ದಿನಾಂಕವಿಟ್ಟ ಅನುಭವವು ಇಲ್ಲಿಯೂ ಉಪಯೋಗಕ್ಕೆ ಬಂದಿರಬೇಕು.

ಅಲ್ಲಿಯ ಪ್ರತಿನಿಧಿಸಭೆಯಲ್ಲಿ 97 ಸ್ಥಾನಗಳು. ಅವುಗಳಲ್ಲಿ ಐದು ವಿದ್ಯಾವಂತರಿಗೆ ಮೀಸಲು. ಉಳಿದ ಕ್ಷೇತ್ರಗಳ ಪೈಕಿ ಕೆಲವೆಡೆ ಮತದಾರರು ನೇರವಾಗಿಯೇ ಸದಸ್ಯನನ್ನು ಆರಿಸುವ ಕ್ರಮವಿತ್ತು. ಕೆಲವೆಡೆ ಮೊದಲು ತಮ್ಮ ಪ್ರತಿನಿಧಿಗಳನ್ನು ಆರಿಸಿ ಅವರ ಮೂಲಕ ಸದಸ್ಯನನ್ನು ಆರಿಸಬೇಕಿತ್ತು. ಸೇನರ ಆಯೋಗವು ನೇರ ಆಯ್ಕೆಯ ಕ್ಷೇತ್ರಗಳನ್ನು ಹೆಚ್ಚಿಸಿತು. ಓದು ಬಾರದ ಸಾಮಾನ್ಯನ ವಿವೇಕದ ಮೇಲೆ ಭಾರತದಲ್ಲಿ ಬೆಳೆದ ನಂಬಿಕೆಯು ಅವರೊಡನೆ ಸೂಡಾನಿಗೂ ಪಯಣಿಸಿತೆನ್ನಬಹುದು. ಆದರೆ ಅಲ್ಲಿಯ ಸಾಮಾನ್ಯ ಕ್ಷೇತ್ರಗಳಲ್ಲಿ ಮತವಿದ್ದುದು ಗಂಡಸರಿಗಷ್ಟೇ. ಭಾರತದಲ್ಲಿ ಹೆಂಗಸರ ಹೆಸರಿಗಾಗಿ ಹಟ ಹಿಡಿದವರು ಅಲ್ಲಿ ಆ ದೇಶದ ಶಾಸನಕ್ಕೆ ತಲೆಬಾಗಿ ನಡೆಯಬೇಕಾಯಿತು.

ಹೆಚ್ಚಿನ ತೊಡಕು ಮರುಭೂಮಿಯದಲ್ಲ, ಸಂಶಯದ್ದು. ಈಜಿಪ್ಟ್ ಹಣವನ್ನೂ ಪ್ರಚಾರವನ್ನೂ ಸುರಿಯುತ್ತಿದೆಯೆಂದು ಬ್ರಿಟಿಷರು ದೂರಿದರು. ಬ್ರಿಟಿಷ್ ಅಧಿಕಾರಿಗಳು ತಮಗೆ ಬೇಕಾದವರ ಪರವಾಗಿ ಕೈಯಾಡಿಸುತ್ತಿದ್ದಾರೆಂದು ಈಜಿಪ್ಟ್ ದೂರಿತು. ಇಬ್ಬರ ಪ್ರತಿನಿಧಿಗಳೂ ಒಂದೇ ಮೇಜಿನ ಸುತ್ತ ಕುಳಿತವರು. ಇವರ ನಡುವೆ ಯಾರ ಪಕ್ಷಕ್ಕೂ ವಾಲದೆ ಕೆಲಸ ಮುಂದೆ ಸಾಗಿಸುವುದು ಸೇನರ ಪಾಲಿಗೆ ಬಂದಿತು. ನ್ಯಾಯಾಧೀಶರಾಗಿ ಕಲಿತ ಸಹನೆಯು ಇಲ್ಲಿ ಫಲಿಸಿತು.

ಚುನಾವಣೆಯು ಶಾಂತವಾಗಿ ಮುಗಿಯಿತು. ಈಜಿಪ್ಟಿನೊಡನೆ ಸೇರಬೇಕೆನ್ನುವ ರಾಷ್ಟ್ರೀಯ ಏಕತಾ ಪಕ್ಷವು ಅರ್ಧಕ್ಕಿಂತ ಹೆಚ್ಚು ಸ್ಥಾನಗಳನ್ನು ಗೆದ್ದಿತು. ಅದರ ನಾಯಕರಾದ ಇಸ್ಮಾಯಿಲ್ ಅಲ್ ಅಝರಿ ಅವರು 1954ರ ಜನವರಿಯಲ್ಲಿ ಪ್ರಧಾನಿಗಳಾದರು. ಬ್ರಿಟಿಷರಿಗೆ ಈ ಫಲಿತಾಂಶವು ರುಚಿಸಲಿಲ್ಲವಾದರೂ ಅದನ್ನು ಒಪ್ಪಿಕೊಂಡರು. ಎರಡು ವರ್ಷ ಕಳೆಯುವುದರೊಳಗೆ ಈಜಿಪ್ಟ್ ಕೂಡ ನಿರಾಶೆಪಡಬೇಕಾಯಿತು. ಅಧಿಕಾರದ ಹೊಣೆ ಹೊತ್ತ ಅದೇ ಪಕ್ಷವು ಜನರ ಮನಸ್ಸನ್ನರಿತು ತನ್ನ ನಿಲುವನ್ನು ಬದಲಿಸಿತು. 1955ರ ಡಿಸೆಂಬರ್ 19ರಂದು ಪಾರ್ಲಿಮೆಂಟು ಸ್ವಾತಂತ್ರ್ಯದ ನಿರ್ಣಯವನ್ನು ಅಂಗೀಕರಿಸಿತು. 1956ನೆಯ ಜನವರಿ 1ರಂದು ಸೂಡಾನ್ ಸ್ವತಂತ್ರವಾಯಿತು. ಇಬ್ಬರು ಒಡೆಯರ ಎಣಿಕೆಯೂ ತಪ್ಪಾಗಿ, ಸೂಡಾನಿಗಳ ಇಚ್ಛೆಯೇ ನಡೆಯಿತು.

ಪರದೇಶದವರು ಏಕೆ ನೋಡಬೇಕು?

ಒಂದು ದೇಶದ ಚುನಾವಣೆಯಲ್ಲಿ ಪರದೇಶದವರಿಗೇನು ಕೆಲಸವೆಂದು ನಿಮ್ಮಲ್ಲಿ ಕೆಲವರಿಗೆ ತೋರಬಹುದು. ಪ್ರಶ್ನೆಯು ಸಾಧುವಾದುದೇ. 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆಯು ಸಾರಿದ ಮಾನವ ಹಕ್ಕುಗಳ ಘೋಷಣೆಯ 21ನೆಯ ವಿಧಿಯು, ಸರ್ಕಾರದ ಅಧಿಕಾರಕ್ಕೆ ಜನರ ಇಚ್ಛೆಯೇ ಆಧಾರವೆಂದೂ ಆ ಇಚ್ಛೆಯು ಕಾಲಕಾಲಕ್ಕೆ ನಡೆಯುವ ನಿಜವಾದ ಚುನಾವಣೆಗಳಲ್ಲಿ ವ್ಯಕ್ತವಾಗಬೇಕೆಂದೂ ತಿಳಿಸುತ್ತದೆ. ಚುನಾವಣೆಯು ಕೇವಲ ಒಂದು ದೇಶದ ಮನೆವಾರ್ತೆಯಲ್ಲ, ಮನುಷ್ಯಮಾತ್ರನ ಹಕ್ಕು ಎಂಬುದು ಇದರ ತಾತ್ಪರ್ಯ. ಆ ಘೋಷಣೆಯ ಮೊದಲ ವಿಧಿಯಲ್ಲಿ ಗಂಡಸರನ್ನಷ್ಟೇ ಸೂಚಿಸುವಂತಿದ್ದ ಪದವನ್ನು ಬದಲಿಸಿ ಮಾನವರೆಲ್ಲರೂ ಎಂಬ ಅರ್ಥ ಬರುವಂತೆ ಮಾಡಿಸಿದವರು ಭಾರತದ ಶ್ರೀಮತಿ ಹಂಸಾ ಮೆಹತಾ ಅವರೆಂಬುದು ನಾವು ಹೆಮ್ಮೆಪಡತಕ್ಕ ಸಂಗತಿ.

ಆದರೆ ಚುನಾವಣೆಯನ್ನು ನಡೆಸಿಕೊಡುವುದು ಬೇರೆ, ನೋಡಿ ವರದಿ ಮಾಡುವುದು ಬೇರೆ. ಸೇನರ ಆಯೋಗಕ್ಕೆ ಸೂಡಾನಿನಲ್ಲಿ ಚುನಾವಣೆಯನ್ನು ಸಿದ್ಧಪಡಿಸಿ, ನಡೆಸಿ, ಅದು ನಿಷ್ಪಕ್ಷಪಾತವಾಗಿರುವಂತೆ ನೋಡಿಕೊಳ್ಳುವ ಅಧಿಕಾರವಿತ್ತು. ಇಂದು ನಾನಾ ದೇಶಗಳಿಗೆ ಹೋಗುವ ವೀಕ್ಷಕರಿಗೆ ಅಂತಹ ಅಧಿಕಾರವಿಲ್ಲ. ಪಟ್ಟಿ ಸರಿಯಿದೆಯೇ, ಎಲ್ಲ ಪಕ್ಷಗಳಿಗೂ ಮಾತಾಡಲು ಅವಕಾಶವಿದೆಯೇ, ಮತಗಟ್ಟೆಯಲ್ಲಿ ಬೆದರಿಕೆಯಿಲ್ಲವೇ, ಎಣಿಕೆಯು ಎಲ್ಲರ ಕಣ್ಣೆದುರಿಗೆ ನಡೆಯಿತೇ ಎಂಬುದನ್ನು ಅವರು ಕಂಡು ಬರೆಯಬೇಕು, ಕೈಹಾಕಬಾರದು. ಈ ನಿಯಮಗಳನ್ನು 2005ರಲ್ಲಿ ಅನೇಕ ಸಂಸ್ಥೆಗಳು ವಿಶ್ವಸಂಸ್ಥೆಯಲ್ಲಿ ಕೂಡಿ ಒಂದು ಘೋಷಣೆಯ ರೂಪದಲ್ಲಿ ಅಂಗೀಕರಿಸಿದುವು. ನಡೆಸುವವರಿಗಾಗಲಿ ನೋಡುವವರಿಗಾಗಲಿ ಬೇಕಾದ ಗುಣ ಒಂದೇ: ಯಾರು ಗೆದ್ದರೂ ತನಗೆ ಲಾಭವೂ ಇಲ್ಲ, ನಷ್ಟವೂ ಇಲ್ಲವೆಂಬ ನಿರ್ಲಿಪ್ತತೆ. ಸೇನರಲ್ಲಿ ಆ ಗುಣವಿತ್ತು.

ಮಿತವ್ಯಯ ಮತ್ತು ವಿಶ್ರಾಂತಿ

ಸೂಡಾನಿನಿಂದ ಹಿಂದಿರುಗಿದ ಸೇನರು 1957ರಲ್ಲಿ ಭಾರತದ ಎರಡನೆಯ ಮಹಾಚುನಾವಣೆಯನ್ನೂ ನಡೆಸಿದರು. ಮೊದಲ ಚುನಾವಣೆಯ ಉಕ್ಕಿನ ಪೆಟ್ಟಿಗೆಗಳನ್ನು ಅವರು ಮಾರಿಬಿಡಲಿಲ್ಲ, ತುಕ್ಕು ಹಿಡಿಯಲೂ ಬಿಡಲಿಲ್ಲ, ಜೋಪಾನವಾಗಿ ಇರಿಸಿದ್ದರು. ಅವುಗಳನ್ನೇ ಮರಳಿ ಬಳಸಿದುದರಿಂದ ಹೊಸದಾಗಿ ಕೊಳ್ಳಬೇಕಾದುವು ಕಡಿಮೆಯಾಗಿ, ಎರಡನೆಯ ಚುನಾವಣೆಗೆ ಮೊದಲಿನದಕ್ಕಿಂತ ಸುಮಾರು ನಾಲ್ಕೂವರೆ ಕೋಟಿ ರೂಪಾಯಿ ಕಡಿಮೆ ವೆಚ್ಚವಾಯಿತು. ಬಡ ದೇಶದ ಹಣವನ್ನು ಮನೆಯ ಹಿರಿಯನು ಕಾಯುವಂತೆ ಕಾಯ್ದರು.

ಅವರ ಸೇವೆಯನ್ನು ಮೆಚ್ಚಿ ಸರ್ಕಾರವು ಪದ್ಮಭೂಷಣ ಪ್ರಶಸ್ತಿಯನ್ನಿತ್ತಿತು. ಆ ಪ್ರಶಸ್ತಿಯನ್ನು ಪಡೆದ ಮೊದಲಿಗರಲ್ಲಿ ಅವರೊಬ್ಬರು. 1958ರ ಡಿಸೆಂಬರ್ ತಿಂಗಳಲ್ಲಿ ಅವರು ಆಯುಕ್ತ ಪದವಿಯನ್ನು ಬಿಟ್ಟರು. 1960ರಲ್ಲಿ ಬರ್ದ್ವಾನ್ ವಿಶ್ವವಿದ್ಯಾಲಯವು ಸ್ಥಾಪಿತವಾದಾಗ ಅದರ ಪ್ರಥಮ ಉಪಕುಲಪತಿಗಳಾದರು. ಏನನ್ನಾದರೂ ಮೊತ್ತಮೊದಲು ಕಟ್ಟುವ ಕೆಲಸವೇ ಅವರ ಪಾಲಿಗೆ ಮತ್ತೆ ಮತ್ತೆ ಬಂದಿತು. 1963ರಲ್ಲಿ ಅವರು ಕಾಲಾಧೀನರಾದರು.

ಬಿತ್ತಿದ ಬೀಜ, ಬೆಳೆದ ಬೆಳೆ

ಅವರು ಚುನಾವಣೆ ನಡೆಸಿದ ಎರಡು ದೇಶಗಳು ಮುಂದೆ ಒಂದೇ ಹಾದಿಯಲ್ಲಿ ನಡೆಯಲಿಲ್ಲ. ಭಾರತದಲ್ಲಿ ಚುನಾವಣೆಗಳು ನಡೆಯುತ್ತ ಬಂದುವು. ಸರ್ಕಾರಗಳು ಮತದಿಂದ ಬಂದುವು, ಮತದಿಂದ ಹೋದುವು. ಸೂಡಾನಿನಲ್ಲಿ 1958ರ ನವೆಂಬರ್ 17ರಂದು, ಎಂದರೆ ಸೇನರು ಆಯುಕ್ತ ಪದವಿಯನ್ನು ಬಿಡುವ ಒಂದು ತಿಂಗಳ ಮೊದಲು, ಸೇನಾಪತಿಗಳು ಅಧಿಕಾರವನ್ನು ಕಸಿದುಕೊಂಡರು. ಅದಕ್ಕೂ ಮೊದಲೇ, 1955ರಲ್ಲಿ, ದಕ್ಷಿಣದ ಸೈನಿಕರು ದಂಗೆಯೆದ್ದಿದ್ದರು. ಬ್ರಿಟಿಷರು ತೆರವು ಮಾಡಿದ ನೂರಾರು ಹುದ್ದೆಗಳಲ್ಲಿ ದಕ್ಷಿಣದವರಿಗೆ ದಕ್ಕಿದುವು ಬೆರಳೆಣಿಕೆಯಷ್ಟು ಮಾತ್ರ. ಮತ ಕೊಟ್ಟೂ ತಮಗೆ ಪಾಲು ದೊರೆಯಲಿಲ್ಲವೆಂಬ ಕೊರಗು ದೀರ್ಘಕಾಲದ ಅಂತರ್ಯುದ್ಧಕ್ಕೆ ಕಾರಣವಾಯಿತು. ಕಡೆಗೆ 2011ರ ಜನವರಿಯಲ್ಲಿ, ಅನೇಕ ದೇಶಗಳ ವೀಕ್ಷಕರ ಸಮ್ಮುಖದಲ್ಲಿ ದಕ್ಷಿಣದ ಜನರು ಜನಮತಗಣನೆಯಲ್ಲಿ ಪಾಲ್ಗೊಂಡು, ನೂರಕ್ಕೆ 98ಕ್ಕೂ ಹೆಚ್ಚು ಮಂದಿ ಪ್ರತ್ಯೇಕ ರಾಷ್ಟ್ರವನ್ನು ಬಯಸಿದರು. ಆ ವರ್ಷದ ಜುಲೈ 9ರಂದು ದಕ್ಷಿಣ ಸೂಡಾನ್ ಹುಟ್ಟಿತು. ಅದಾದ ಮೇಲೂ ಎರಡು ನೆಲಗಳಲ್ಲಿಯೂ ರಕ್ತಪಾತವಾಯಿತು.

ಹಾಗಾದರೆ ಸೇನರ ಸೂಡಾನ್ ಕಾರ್ಯವು ವ್ಯರ್ಥವಾಯಿತೇ? ಆಗಲಿಲ್ಲ. ತಮ್ಮ ದೇಶದ ಹಣೆಬರಹವನ್ನು ತಾವೇ ಬರೆಯುವ ಅವಕಾಶವನ್ನು ಆ ಚುನಾವಣೆಯು ಸೂಡಾನಿಗಳಿಗೆ ಕೊಟ್ಟಿತು. ಅದಕ್ಕಿಂತ ಹೆಚ್ಚನ್ನು ಯಾವ ಹೊರಗಿನವನೂ ಕೊಡಲಾರನು. ಬಾವಿಯನ್ನು ತೋಡಿಕೊಟ್ಟವನು ಪ್ರತಿದಿನವೂ ಬಂದು ನೀರು ಸೇದಿಕೊಡಲಾರನಷ್ಟೆ! ಒಂದು ದಿನದ ನ್ಯಾಯವಾದ ಎಣಿಕೆಯ ಬಳಿಕ ಸಾವಿರ ದಿನಗಳ ನ್ಯಾಯವಾದ ಹಂಚಿಕೆ ಬೇಕು. ಗೆದ್ದವನು ಸೋತವನನ್ನು ತನ್ನವನೆಂದೇ ಎಣಿಸಬೇಕು. ಅದನ್ನು ಆ ನಾಡಿನವರೇ ಮಾಡಬೇಕು.

ವಿದ್ಯಾರ್ಥಿ ಮಿತ್ರರೇ, ನಮ್ಮಲ್ಲಿ ಅನೇಕರ ತಂದೆತಾಯಿಯರು ಹೊಟ್ಟೆಪಾಡಿಗಾಗಿ ದೂರದ ಊರುಗಳಿಂದ ಈ ನಗರಕ್ಕೆ ಬಂದವರು. ಕೆಲವರ ಹೆಸರು ಇನ್ನೂ ಊರಿನ ಪಟ್ಟಿಯಲ್ಲಿದೆ. ಕೆಲವರದು ಎಲ್ಲಿಯೂ ಇಲ್ಲ. ಯಾರು ಎಲ್ಲಿ ವಾಸಿಸುವರೋ ಅಲ್ಲಿಯ ಪಟ್ಟಿಯಲ್ಲಿ ಅವರ ಹೆಸರಿರಬೇಕು, ಒಂದಕ್ಕಿಂತ ಹೆಚ್ಚು ಕಡೆ ಇರಬಾರದು ಎಂಬುದು ಸೇನರ ಕಾಲದಿಂದಲೂ ಇರುವ ಶಾಸನ. ಇಂದು ಮನೆಗೆ ಹೋದೊಡನೆ ನಿಮ್ಮ ತಾಯಿಯ ಹೆಸರು, ಅಜ್ಜಿಯ ಹೆಸರು ಮತದಾರರ ಪಟ್ಟಿಯಲ್ಲಿ ಇದೆಯೇ, ಅಕ್ಷರ ತಪ್ಪಿಲ್ಲದೆ ಇದೆಯೇ ಎಂದು ವಿಚಾರಿಸಿರಿ. ಅವರಿಗೆ ಓದಲು ಬಾರದಿದ್ದರೆ ನೀವೇ ಓದಿ ಹೇಳಿರಿ. 1989ರಲ್ಲಿ ಮತದ ವಯಸ್ಸು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿದುದರಿಂದ ನಿಮ್ಮ ಸರದಿಗೂ ಹೆಚ್ಚು ವರ್ಷಗಳಿಲ್ಲ.

ಹೆಸರು ಹೇಳಲು ನಾಚಿದ 28 ಲಕ್ಷ ತಾಯಂದಿರ ಸಲುವಾಗಿ ಒಬ್ಬ ಅಧಿಕಾರಿಯು ಅಂದು ಹಟ ಹಿಡಿದನು. ನಿಮ್ಮ ತರಗತಿಯ ಚೀಟಿಗಳನ್ನು ಎಣಿಸುವ ಸರದಿಯು ನಿಮಗೆ ಬಂದಾಗ ಅವನನ್ನು ಸ್ಮರಿಸಿರಿ. ನಿಮ್ಮ ಗೆಳೆಯನೇ ಸೋತಿದ್ದರೂ ಸರಿಯಾಗಿ ಎಣಿಸಿರಿ.